ಯಂತ್ರದ ಉಸಿರು ವಿಶ್ವಾಸದ ಅಳತೆಗೋಲಲ್ಲ

"ಕೊನೆಯ ಉಸಿರಿನವರೆಗೂ ಹೋರಾಡಿದೆವು, ನಮ್ಮಿಂದ ಏನೂ ಕೊರತೆಯಾಗಲಿಲ್ಲ." ಸಾವಿನ ಮನೆಗಳಲ್ಲಿ ಈ ಮಾತನ್ನು ನಾವು ಮೆಚ್ಚುಗೆಯಿಂದ ಕೇಳುತ್ತೇವೆ. ಆದರೆ ಹೋರಾಡಿದವರು ಯಾರು? ಗಂಟಲಿಗೆ ಕೊಳವೆ ಇಳಿಸಿಕೊಂಡು, ಮಾತು ಕಳೆದುಕೊಂಡು ತೀವ್ರ ನಿಗಾ ಘಟಕದಲ್ಲಿ ಒಂಟಿಯಾಗಿ ಮಲಗಿದ್ದವರು. ಅವರ ಇಚ್ಛೆಯೇನೆಂದು ಯಾರೂ ಕೇಳಿರಲಿಲ್ಲ.

ಗುಣವಾಗುವ ಭರವಸೆಯಿಲ್ಲವೆಂದು ವೈದ್ಯರು ತಿಳಿಸಿದ ಮೇಲೂ, ಕೃತಕ ಉಸಿರಾಟವನ್ನು ನಿಲ್ಲಿಸುವುದು ಕೊಲೆಯೆಂದೇ ನಂಬಿದ ವಿಶ್ವಾಸಿಗಳು ನಮ್ಮಲ್ಲಿದ್ದಾರೆ. ಧರ್ಮಸಭೆ ಹಾಗೆ ಬೋಧಿಸಿಲ್ಲ. ಜೀವ ಕಾಪಾಡಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ಅಸಾಮಾನ್ಯ ಸಾಧನಗಳು ಕಡ್ಡಾಯವಲ್ಲ ಎಂದು ಪೋಪ್ ಹನ್ನೆರಡನೆಯ ಪಯಸ್ 1957ರಲ್ಲೇ ಅರಿವಳಿಕೆ ತಜ್ಞರಿಗೆ ಸ್ಪಷ್ಟಪಡಿಸಿದ್ದರು. ಪೋಪ್ ದ್ವಿತೀಯ ಜಾನ್ ಪೌಲರು 2005ರಲ್ಲಿ ಆಸ್ಪತ್ರೆಗೆ ಮರಳದೆ ತಮ್ಮ ನಿವಾಸದಲ್ಲೇ ಕಣ್ಣು ಮುಚ್ಚಿದರು. ಅವರಿಗೆ ವಿಶ್ವಾಸದ ಕೊರತೆಯಿತ್ತೆಂದು ಯಾರಾದರೂ ಹೇಳಿಯಾರೇ?

'ಹೀಗೆಂದು ಒಪ್ಪಿದರೆ ವೃದ್ಧರೂ ಅಂಗವಿಕಲರೂ ಹೊರೆಯೆನಿಸಿಯಾರು' ಎಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರನ್ನು ನೆನೆಯಿರಿ. 1973ರ ಅಮಾನುಷ ಹಲ್ಲೆಯ ನಂತರ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ದಾದಿಯರು ಅವರನ್ನು ನಾಲ್ಕು ದಶಕಗಳ ಕಾಲ ಉಣಿಸಿ, ತೊಳೆದು, ಸಲಹಿದರು. ಅವರ ಆಹಾರವನ್ನು ನಿಲ್ಲಿಸಲು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಅದು ಸರಿಯಾಗಿತ್ತು. ಅರುಣಾ ಸಾಯುತ್ತಿರಲಿಲ್ಲ, ಅಸಹಾಯಕರಾಗಿದ್ದರು. ಅನ್ನ, ನೀರು, ಆರೈಕೆ ಅಸಾಮಾನ್ಯ ಸಾಧನಗಳಲ್ಲ. ಸಾವನ್ನು ತರುವುದು ಬೇರೆ, ಬಂದ ಸಾವಿಗೆ ಅಡ್ಡಗಟ್ಟದಿರುವುದು ಬೇರೆ. ಈ ಭೇದವನ್ನು ಅಳಿಸುವವರು ಎರಡೂ ಕಡೆ ಇದ್ದಾರೆ.

ಚಿಕಿತ್ಸೆ ನಿಂತರೂ ಆರೈಕೆ ನಿಲ್ಲಬಾರದು. ನೋವು ತಗ್ಗಿಸುವ ಮದ್ದು, ಕೈಹಿಡಿದು ಕೂರುವ ಮಗಳು, ಅಭ್ಯಂಗ ನೀಡುವ ಗುರುಗಳು, ಇವೆಲ್ಲ ಆಗ ಇನ್ನಷ್ಟು ಬೇಕು.

ಕಾನೂನೂ ದಾರಿ ತೆರೆದಿದೆ. ಮುಂಚಿತ ವೈದ್ಯಕೀಯ ನಿರ್ದೇಶನವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಚಿಕಿತ್ಸೆ ನಿಲ್ಲಿಸಲು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶಿಸಿತು.

ಗದ್ದೆ ಮನೆಗಳಿಗೆ ಉಯಿಲು ಬರೆದಿಡುವ ನಾವು ನಮ್ಮ ಕೊನೆಯ ದಿನಗಳ ಬಗ್ಗೆ ಒಂದು ಸಾಲನ್ನೂ ಬರೆದಿಡುವುದಿಲ್ಲ. ಆ ಮೌನದ ಭಾರವನ್ನು ನಮ್ಮ ಮಕ್ಕಳು ಆಸ್ಪತ್ರೆಯ ಬಾಗಿಲಲ್ಲಿ, ಅಪರಾಧಿಗಳಂತೆ ನಿಂತು ಹೊರುತ್ತಾರೆ. ಮುಂದಿನ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ, ಮನೆಯ ಹಿರಿಯರ ಬಳಿ ಕುಳಿತು ಕೇಳಿರಿ. ಅವರು ಹೇಳಿದ್ದನ್ನು ಬರೆದಿಡಿರಿ.