ದಸರಾ ರಜೆಯಲ್ಲಿ ಬಿಸಿಯೂಟ ಯಾಕಿಲ್ಲ?

ಗುರುಗುಂಟಾ ಸುತ್ತಮುತ್ತ ದಸರಾ ರಜೆಯೂ ಹತ್ತಿ ಬಿಡಿಸುವ ಹಂಗಾಮೂ ಕೂಡಿಯೇ ಬರುತ್ತವೆ. ಬನ್ನಿ ಕೊಟ್ಟು ತಗೊಂಡ ಮರುದಿನವೇ ಅವ್ವ ಹೊಲಕ್ಕೆ. ಕೂಲಿ ಕಿಲೋ ಲೆಕ್ಕ. ಕೂಸಿನ ಜೊತೆ ಮನೆಯಲ್ಲಿ ಕೂತರೆ ಅಂದಿನ ದುಡಿಮೆ ಹೋಯಿತು. ಹಾಗಾಗಿ ಆರನೇ ತರಗತಿಯ ಅಕ್ಕನೇ ತಮ್ಮನಿಗೆ ಅವ್ವ. ಮಧ್ಯಾಹ್ನ ಇಬ್ಬರಿಗೂ ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ.

2025ರಲ್ಲಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ರಜೆ ಜಾತಿ ಸಮೀಕ್ಷೆಗಾಗಿ 18ರವರೆಗೆ ಬೆಳೆಯಿತು. ಶಿಕ್ಷಕರ ಕೆಲಸದ ಹೊರೆ, ತಪ್ಪಿದ ಪಾಠ ಎಲ್ಲ ಚರ್ಚೆಯಾಯಿತು. ತಪ್ಪಿದ ಊಟದ ಮಾತು ನಮ್ಮ ಕಿವಿಗಂತೂ ಬೀಳಲಿಲ್ಲ.

2024ರ ಬರದಲ್ಲಿ ಸರ್ಕಾರ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟಿತ್ತು. ಅದೇ ಅಡುಗೆಕೋಣೆ, ಅದೇ ಅಡುಗೆಯವರು ಈಗಲೂ ಇದ್ದಾರೆ. ದಸರೆಗೂ ಕೊಡಲಿ ಎನ್ನುತ್ತೇವೆ ನಾವು. ನಿಮ್ಮೂರಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ಎತ್ತಿರಿ, ಹಬ್ಬಕ್ಕೆ ಮೊದಲೇ.