ಬಲೆ ತಾನೇ ಕಂಡುಕೊಳ್ಳುವ ರೂಪ

ಹಾವೇರಿಯ ಏಲಕ್ಕಿ ಹಾರವು ನಾಡಿನ ಎಷ್ಟೋ ಸನ್ಮಾನ ಸಮಾರಂಭಗಳಿಗೆ ಭೂಷಣವಾಗಿದೆ. ಅಂತಹ ಹಾರವೊಂದರ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದೆತ್ತಿದರೆ ಅದು ನಡುವೆ ಇಳಿದು ಅಂದವಾಗಿ ಬಾಗುತ್ತದೆ. ಆ ಬಾಗು ಹಾರ ಕಟ್ಟಿದವರ ಕೈಚಳಕವಲ್ಲ. ತನ್ನ ಭಾರಕ್ಕೂ ದಾರದ ಬಿಗಿತಕ್ಕೂ ಸರಿಹೊಂದುವ ಆಕಾರವನ್ನು ಹಾರವು ತಾನೇ ಕಂಡುಕೊಂಡಿರುತ್ತದೆ. ತೂಗುವ ಸರಪಣಿಯ ಈ ಬಾಗಿನ ಗಣಿತವನ್ನು 1691ರಲ್ಲಿ ಲೈಬ್ನಿಟ್ಸ್, ಹೈಗೆನ್ಸ್ ಮತ್ತು ಯೋಹಾನ್ ಬರ್ನೂಲಿ ಎಂಬ ಮೂವರು ಪಂಡಿತರು ಪ್ರಕಟಪಡಿಸಿದರು.

ಒಂದು ದಾರದ ಮಾತು ಇಷ್ಟಾದರೆ, ನೂರಾರು ಎಳೆಗಳು ಹೆಣೆದುಕೊಂಡ ಬಲೆಯ ಗತಿಯೇನು? ರಾಣೆಬೆನ್ನೂರಿನ ಸುತ್ತಲ ಹೊಲಗಳಲ್ಲಿ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಅಲ್ಲಿ ತರಕಾರಿಯ ಸಂಕರ ಬೀಜ ಬೆಳೆಯುವ ರೈತರು ಕಂಬಗಳ ನಡುವೆ ತಂತಿ ಬಿಗಿದು, ಬಲೆ ಹೊದಿಸಿ, ಬಲೆಮನೆಗಳನ್ನು ಕಟ್ಟುತ್ತಾರೆ. ಸಡಿಲಾದ ಬಲೆಯು ಗಾಳಿಗೆ ಬಡಿದು ಹರಿದರೆ, ಆ ಸೀಳಿನಿಂದ ಒಳಹೊಕ್ಕ ಜೇನುಹುಳವೊಂದು ಬೇರೆ ಗಿಡದ ಪರಾಗವನ್ನು ತಂದು ಬೀಜದ ಶುದ್ಧಿಯನ್ನೇ ಕೆಡಿಸೀತು. ಒಂದು ಸಂಸಾರದ ವರ್ಷದ ದುಡಿಮೆ ಅಂಗೈಯಗಲದ ತೂತಿನಲ್ಲಿ ಸೋರಿಹೋದೀತು.

ಹಾಗಾದರೆ ಬಿಗಿದು ಕಟ್ಟಿದರಾಯಿತಲ್ಲವೆ? ಹಗ್ಗದ ಹೊರಸನ್ನು ಬಿಗಿದವರಿಗೆ ಅದರ ತೊಡಕು ಗೊತ್ತು. ಒಂದೆಡೆ ಎಳೆದರೆ ಮತ್ತೊಂದೆಡೆ ಸಡಿಲ. ಬಲೆಯ ಪ್ರತಿಯೊಂದು ಗಂಟಿನಲ್ಲಿಯೂ ಸುತ್ತಲಿನ ಎಳೆತಗಳು ಒಂದನ್ನೊಂದು ಸರಿತೂಗಬೇಕು. ಒಂದು ಗಂಟು ಸರಿದರೆ ನೆರೆಯದೂ ಸರಿಯುತ್ತದೆ. ಆದುದರಿಂದ ಎಲ್ಲ ಗಂಟುಗಳ ನೆಲೆಯನ್ನೂ ಒಟ್ಟಿಗೇ ಕಂಡುಹಿಡಿಯಬೇಕಾಗುತ್ತದೆ.

ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟ್ಟೋ ಅವರು ಸಾಬೂನಿನ ತೆಳುಪೊರೆಗಳಿಂದಲೂ ತಂತಿಯ ಮಾದರಿಗಳಿಂದಲೂ ಇಂತಹ ರೂಪಗಳನ್ನು ಅರಸಿದರು. ಆದರೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗಾಗಿ ಉಕ್ಕಿನ ಹಗ್ಗಗಳ ವಿಶಾಲವಾದ ಚಾವಣಿಯನ್ನು ಕಟ್ಟಹೊರಟಾಗ ಮಾದರಿಯ ಅಳತೆಯೊಂದೇ ಸಾಲದಾಯಿತು. ಆಗ ಲಿಂಕ್‌ವಿಟ್ಸ್ ಮತ್ತು ಶೆಕ್ ಎಂಬ ವಿದ್ವಾಂಸರು, 1971ರಲ್ಲಿ, ಒಂದು ಉಪಾಯವನ್ನು ಮುಂದಿಟ್ಟರು. ಪ್ರತಿಯೊಂದು ಹುರಿಯ ಎಳೆತವನ್ನು ಅದರ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಮೊದಲೇ ಗೊತ್ತುಪಡಿಸಿಕೊಂಡರೆ ಜಟಿಲವಾದ ಲೆಕ್ಕವು ಸರಳ ಸಮೀಕರಣಗಳಾಗುತ್ತದೆ. ಗಣಕಯಂತ್ರವು ಅವನ್ನು ಬಿಡಿಸಿಕೊಡುತ್ತದೆ. ಆ ಸಂಖ್ಯೆ ಎಲ್ಲೆಡೆಯೂ ಒಂದೇ ಆಗಿದ್ದು, ಹುರಿಯ ಭಾರ ಗಣನೆಗೆ ಬಾರದಷ್ಟಿದ್ದರೆ, ಪ್ರತಿಯೊಂದು ಗಂಟೂ ತನ್ನ ನೆರೆಯ ಗಂಟುಗಳ ಸರಾಸರಿ ಸ್ಥಾನದಲ್ಲಿ ನೆಲೆಸುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲಗಳಿಗೆ ನೆರಳು ಮಾಡಬೇಕಾಗಿದೆಯೆಂದು ವಾಚಕರು ಊಹಿಸಿಕೊಳ್ಳಲಿ. ಚೌಕದ ಮೂಲೆಗಳಲ್ಲಿ ನಾಲ್ಕು ಕಂಬಗಳು. ಎದುರುಬದುರಿನ ಎರಡು 12 ಅಡಿ, ಉಳಿದೆರಡು 8 ಅಡಿ. ನಾಲ್ಕು ಮೂಲೆಗಳಿಂದ ಸಮನಾಗಿ ಎಳೆದ ಹುರಿಗಳು ನಡುವೆ ಸೇರುವ ಗಂಟು 10 ಅಡಿ ಎತ್ತರದಲ್ಲಿ ನಿಲ್ಲುತ್ತದೆ. ಎತ್ತರದ ಕಂಬಗಳ ಹುರಿ ನಡುವೆ ತಗ್ಗಿ ಭಾರವನ್ನು ಹೊರುತ್ತದೆ. ಗಿಡ್ಡ ಕಂಬಗಳ ಹುರಿ ನಡುವೆ ಉಬ್ಬಿ, ಮೇಲೆತ್ತುವ ಗಾಳಿಯನ್ನು ತಡೆಯುತ್ತದೆ. ಕುದುರೆಯ ಜೀನಿನ ಆಕಾರ ಹೀಗೆ ತಾನಾಗಿಯೇ ಮೂಡುತ್ತದೆ. ನಾಲ್ಕು ಕಂಬಗಳೂ ಸಮನಾಗಿದ್ದರೆ ಬಲೆಯು ಚಪ್ಪಟೆಯಾಗಿ, ಮಳೆಗೆ ಜೋತು, ಗಾಳಿಗೆ ಪಟಪಟಿಸುತ್ತದೆ.

ಕಟ್ಟುವವನ ಕೈಯಲ್ಲಿರುವುದು ಕಂಬದ ನೆಲೆ ಮತ್ತು ಹುರಿಯ ಬಿಗಿತ ಮಾತ್ರ; ರೂಪವನ್ನು ಬಲೆಯೇ ನಿರ್ಣಯಿಸುತ್ತದೆ. ಮುಂಗಾರಿನ ಗಾಳಿ ಏಳುವ ಮುನ್ನ ರಾಣೆಬೆನ್ನೂರಿನ ರೈತನು ಸಡಿಲಾದ ತಂತಿಯೊಂದನ್ನೇ ಬಿಗಿದು ಮನೆಗೆ ಹಿಂದಿರುಗಬಾರದು. ಅದರ ಎದುರಿನ ತಂತಿಯನ್ನೂ ಒಮ್ಮೆ ಮುಟ್ಟಿ ನೋಡಬೇಕು.