45 ಅಕ್ಷರಗಳ ಬಿಂಕ



ಉದ್ದವಾದ ಇಂಗ್ಲಿಷ್ ಪದವೊಂದನ್ನು ಉಸಿರು ಬಿಡದೆ ಒಪ್ಪಿಸುವ ಮಗುವನ್ನು ಬುದ್ಧಿವಂತ ಮಗುವೆಂದೂ, ಅದು ಬಾರದ ಮಗುವನ್ನು ದಡ್ಡ ಮಗುವೆಂದೂ ಕರೆಯುವ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಇದು ವಿದ್ಯೆಯಲ್ಲ, ವಿದ್ಯೆಯ ವೇಷ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಇಂಗ್ಲಿಷಿನ ಮೇಲೆ ಮುನಿಸು ಬಂದಿದೆಯೆಂದು ಯಾರೂ ಭಾವಿಸಬೇಡಿ. ಮೂವತ್ತು ವರ್ಷಗಳಿಗೂ ಮಿಕ್ಕಿ ಅದೇ ಭಾಷೆಯನ್ನು ಕಲಿಸಿ ಅನ್ನ ಉಂಡವನು ನಾನು. ಆ ಭಾಷೆಯ ಮೇಲಿನ ಗೌರವದಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಅಕ್ಷರಗಳ ಆಟದ ಬಗ್ಗೆ ನನಗೆ ತಕರಾರಿಲ್ಲ. ಶನಿವಾರದ ಕೊನೆಯ ಅವಧಿಯಲ್ಲಿ ಅದನ್ನು ನಾನೇ ಆಡಿಸುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಎ, ಇ, ಐ, ಓ, ಯು ಎಂಬ ಐದು ಸ್ವರಾಕ್ಷರಗಳು ಇದೇ ಕ್ರಮದಲ್ಲಿ ಒಂದೊಂದೇ ಬಾರಿ ಬರುವ ಪದ ‘ಫೆಸೀಷಸ್’. ಸಮಯ ಸಂದರ್ಭ ನೋಡದೆ ಹಾಸ್ಯ ಮಾಡುವ ಎಂದು ಅದರ ಅರ್ಥ. ‘ಅಬ್‌ಸ್ಟೀಮಿಯಸ್’ ಕೂಡ ಅದೇ ಜಾತಿಯದು. ಊಟ ಪಾನೀಯಗಳಲ್ಲಿ ಮಿತಿಯುಳ್ಳ ಎಂದರ್ಥ. ಅದೇ ಐದು ಅಕ್ಷರಗಳು ಯು ಇಂದ ಎ ವರೆಗೆ ಹಿಮ್ಮುಖವಾಗಿ ನಡೆದರೆ ‘ಸಬ್‌ಕಾಂಟಿನೆಂಟಲ್’, ಅಂದರೆ ಉಪಖಂಡಕ್ಕೆ ಸೇರಿದ. ಶಕ್ತಿಹೀನತೆ ಎಂಬ ಅರ್ಥದ ‘ಸ್ಟ್ರೆಂಗ್ತ್‌ಲೆಸ್‌ನೆಸ್’ ಪದದಲ್ಲಿ 16 ಅಕ್ಷರಗಳಿದ್ದರೂ ಸ್ವರಾಕ್ಷರವಾಗಿ ಬರುವುದು ಇ ಒಂದೇ, ಅದೂ ಮೂರು ಬಾರಿ. ಹಕ್ಕುಸ್ವಾಮ್ಯಕ್ಕೆ ಒಳಪಡಿಸಲಾಗದ ಎಂಬ ಅರ್ಥದ ‘ಅನ್‌ಕಾಪಿರೈಟಬಲ್’ ಪದದ 15 ಅಕ್ಷರಗಳಲ್ಲಿ ಒಂದೂ ಮರುಕಳಿಸುವುದಿಲ್ಲ. ‘ಇಲೆವನ್ ಪ್ಲಸ್ ಟೂ’ ಎಂಬುದರ ಅಕ್ಷರಗಳನ್ನು ಸ್ಥಾನಪಲ್ಲಟ ಮಾಡಿದರೆ ‘ಟ್ವೆಲ್ವ್ ಪ್ಲಸ್ ಒನ್’ ಆಗುತ್ತದೆ. ಎರಡರ ಮೊತ್ತವೂ 13, ಎರಡರ ಅಕ್ಷರಗಳ ಸಂಖ್ಯೆಯೂ 13! ಇಂಥದನ್ನು ಕಂಡು ಕಣ್ಣರಳಿಸದ ಹುಡುಗನನ್ನು ನಾನು ನೋಡಿಲ್ಲ.

ಆದರೆ ನಮ್ಮ ತರಗತಿಯಲ್ಲಿ ಒಂದು ನಿಯಮವಿತ್ತು. ಅರ್ಥ ಹೇಳದೆ ಪದ ಹೇಳಿದವರಿಗೆ ಅಂಕವಿಲ್ಲ. ಅರ್ಥ ಜೊತೆಗಿದ್ದರೆ ಆಟವೇ ಪಾಠವಾಗುತ್ತದೆ. ಆಲಿಸು ಎಂಬ ಅರ್ಥದ ‘ಲಿಸನ್’, ಮೌನವಾದ ಎಂಬ ಅರ್ಥದ ‘ಸೈಲೆಂಟ್’ ಇವೆರಡೂ ಅವೇ ಆರು ಅಕ್ಷರಗಳಿಂದ ಆದವು. ಮೌನವಾಗಿರದೆ ಆಲಿಸಲಾಗದೆಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಿದ್ದರು. ‘ಸೈಲೆಂಟ್’ನಲ್ಲಿ ಮಾತನಾಡುವ ಟಿ ಅಕ್ಷರ ‘ಲಿಸನ್’ನಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ ಎಂದೊಡನೆ ಹಿಂದಿನ ಬೆಂಚಿನವರೂ ನಗುತ್ತಿದ್ದರು. ಲಯ ಎಂಬ ಅರ್ಥದ ‘ರಿದಮ್’ ಪದದಲ್ಲಿ ಆ ಐದು ಸ್ವರಾಕ್ಷರಗಳಲ್ಲಿ ಒಂದೂ ಇಲ್ಲ. ಆದರೆ ಕಿವಿಗೆ ಎರಡು ಸ್ವರಗಳು ಸ್ಪಷ್ಟವಾಗಿ ಕೇಳುತ್ತವೆ. ಕನ್ನಡದಲ್ಲಿ ಬರೆದೊಡನೆ ಅವು ಕಣ್ಣಿಗೂ ಕಾಣುತ್ತವೆ. ಇಂಗ್ಲಿಷಿನಲ್ಲಿ ಅಕ್ಷರವೇ ಬೇರೆ, ಧ್ವನಿಯೇ ಬೇರೆ ಎಂಬ ತತ್ತ್ವವನ್ನು ಹಳ್ಳಿಯ ಮಗುವಿಗೆ ಮನಗಾಣಿಸಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಈಗ ನಡೆಯುತ್ತಿರುವುದು ಇದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಆಂಗ್ಲ ಮಾಧ್ಯಮ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಹತ್ತು ವರ್ಷದ ಬಾಲಕಿಯೊಬ್ಬಳು ವೇದಿಕೆಯ ಮೇಲೆ ‘ನ್ಯೂಮೊನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೆನೋಕೋನಿಯೋಸಿಸ್’ ಎಂಬ 45 ಅಕ್ಷರಗಳ ಪದವನ್ನು ಒಂದೇ ಉಸಿರಿನಲ್ಲಿ ಹೇಳಿ, ಅಕ್ಷರ ಬಿಡಿಸಿಯೂ ಒಪ್ಪಿಸಿದಳು. ಸಭೆ ಚಪ್ಪಾಳೆಯಿಂದ ತುಂಬಿತು. ಆಮೇಲೆ ಅವಳನ್ನು ಹತ್ತಿರ ಕರೆದು, “ಇದರ ಅರ್ಥವೇನಮ್ಮ?” ಎಂದು ಕೇಳಿದೆ. “ಅದನ್ನು ಹೇಳಿಕೊಟ್ಟಿಲ್ಲ ಸಾರ್” ಎಂದಳು. ತಪ್ಪು ಆ ಮಗುವಿನದಲ್ಲ. ಹೇಳಿಕೊಡದವರದು, ಕೇಳದೆ ಚಪ್ಪಾಳೆ ತಟ್ಟಿದವರದು.

ಆ ಪದದ ಕಥೆ ಕೇಳಿ. ಅಮೆರಿಕದ ಪದ ಒಗಟು ಪ್ರಿಯರ ಸಂಘವಾದ ನ್ಯಾಷನಲ್ ಪಜಲರ್ಸ್ ಲೀಗ್‌ನ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್ 1935ರಲ್ಲಿ ಉದ್ದಕ್ಕಾಗಿಯೇ ಅದನ್ನು ಹೊಸೆದರು. ನ್ಯೂಮೊನೋ ಎಂದರೆ ಶ್ವಾಸಕೋಶ, ಅಲ್ಟ್ರಾಮೈಕ್ರೋಸ್ಕೋಪಿಕ್ ಎಂದರೆ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದು, ಸಿಲಿಕೋ ಎಂದರೆ ಸಿಲಿಕಾ, ವಾಲ್ಕೆನೋ ಎಂದರೆ ಜ್ವಾಲಾಮುಖಿ, ಕೋನಿ ಎಂದರೆ ಧೂಳು, ಓಸಿಸ್ ಎಂದರೆ ರೋಗಸ್ಥಿತಿ. ಇಷ್ಟನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. ವೈದ್ಯರು ಈ ಪದವನ್ನು ಬಳಸುವುದಿಲ್ಲ. ಸಿಲಿಕಾ ಧೂಳಿನಿಂದ ಬರುವ ರೋಗಕ್ಕೆ ಅವರಲ್ಲಿರುವ ಹೆಸರು ಚಿಕ್ಕದು: ಸಿಲಿಕೋಸಿಸ್.

ಆ ಚಿಕ್ಕ ಹೆಸರಿನ ಅರ್ಥ ತಿಳಿಯಲು ಜ್ವಾಲಾಮುಖಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯನ್ನು ನೆನೆದರೆ ಸಾಕು. ಅಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು ಆ ಕಲ್ಲನ್ನು ಕೊರೆದವರ ಎದೆಗೆ ಸಿಲಿಕಾ ಧೂಳು ಸೇರಿತು. ಧೂಳು ನೆಲೆಸಿದಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತದೆ, ಉಸಿರು ಗಿಡ್ಡವಾಗುತ್ತದೆ, ಕ್ಷಯ ಸುಲಭವಾಗಿ ಅಂಟುತ್ತದೆ. ಕಳೆದುಹೋದ ಉಸಿರನ್ನು ಮರಳಿ ಕೊಡುವ ಔಷಧಿಯಿಲ್ಲ. ನಮ್ಮ ದೇಶದಲ್ಲಿ ಸಿಲಿಕೋಸಿಸ್‌ನ ಇತಿಹಾಸವನ್ನು ವೈದ್ಯಕೀಯ ಪುಸ್ತಕಗಳು 1947ರ ಕೋಲಾರದ ವರದಿಯಿಂದ ಆರಂಭಿಸುತ್ತವೆ. ಗಣಿ 2001ರಲ್ಲಿ ಮುಚ್ಚಿತು. ಇನ್ನೊಂದು ಸಂಗತಿ ಮೇಷ್ಟ್ರಾದ ನನ್ನನ್ನು ಹೆಚ್ಚು ಕಲಕಿದೆ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಈ ರೋಗಕ್ಕೆ ಅನೇಕರು ಬಲಿಯಾದದ್ದು ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪವನ್ನು ಕತ್ತರಿಸುವ ಕೆಲಸದಲ್ಲಿ. ಅಕ್ಷರ ತಿದ್ದುವ ಕಡ್ಡಿಯ ಧೂಳು ಅವರ ಉಸಿರನ್ನು ಕಸಿಯಿತು. 45 ಅಕ್ಷರಗಳನ್ನು ಒಪ್ಪಿಸಿದ ಮಗುವಿಗೆ ಇದರಲ್ಲಿ ಒಂದು ವಾಕ್ಯವನ್ನೂ ಹೇಳಿಕೊಡದಿದ್ದರೆ, ನಾವು ಕಲಿಸಿದ್ದಾದರೂ ಏನು?

ಉದ್ದ ಪದದ ಬಿಂಕ ಹೊಸದೇನಲ್ಲ. ಷೇಕ್ಸ್‌ಪಿಯರ್ ಅದನ್ನು ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಗೇಲಿ ಮಾಡಿದ್ದಾನೆ. 1598ರಲ್ಲಿ ಅಚ್ಚಾದ ಆ ನಾಟಕದಲ್ಲಿ ಲ್ಯಾಟಿನ್ ಪಾಂಡಿತ್ಯ ಮೆರೆಸುವ ಹೊಲೊಫರ್ನೀಸ್ ಎಂಬ ಶಾಲಾ ಮಾಸ್ತರನೂ ಅವನ ಸಂಗಡಿಗರೂ ಸೇರಿರುವಾಗ, ವಿದೂಷಕನ ಬಾಯಿಂದ ‘ಆನರಿಫಿಕಬಿಲಿಟ್ಯೂಡಿನಿಟೇಟಿಬಸ್’ ಎಂಬ 27 ಅಕ್ಷರಗಳ ಪದ ಬರುತ್ತದೆ. ವ್ಯಂಜನ, ಸ್ವರ, ವ್ಯಂಜನ, ಸ್ವರ ಎಂದು ಕೊನೆಯವರೆಗೂ ಸರದಿ ತಪ್ಪದ ಪದ ಅದು. ಗೌರವಗಳಿಗೆ ಪಾತ್ರವಾಗುವ ಸ್ಥಿತಿ ಎಂದು ಅದರ ಭಾವ. ನಗೆಗೀಡಾಗುವವರು ಪಂಡಿತರು, ನಗಿಸುವವನು ಹಳ್ಳಿಗ. ನಾಲ್ಕು ಶತಮಾನಗಳ ಹಿಂದೆಯೇ ನಗೆಪಾಟಲಾದದ್ದನ್ನು ನಾವು ಇಂದು ವೇದಿಕೆಯ ಮೇಲೆ ಕೂರಿಸಿ ಹಾರ ಹಾಕುತ್ತಿದ್ದೇವೆ.

“ಮೇಷ್ಟ್ರೇ, ಇದರಿಂದ ಜ್ಞಾಪಕಶಕ್ತಿ ಬೆಳೆಯುವುದಿಲ್ಲವೇ?” ಎಂದು ಕೆಲವರು ಕೇಳುತ್ತೀರಿ. ಕಂಠಪಾಠವನ್ನು ನಾನು ಎಂದೂ ಹಳಿದವನಲ್ಲ. ಮಗ್ಗಿ ಬಾಯಿಗೆ ಬರಲೇಬೇಕು, ಏಕೆಂದರೆ ಅದು ಸಂತೆಯಲ್ಲಿಯೂ ಲೆಕ್ಕದಲ್ಲಿಯೂ ಕೈಹಿಡಿಯುತ್ತದೆ. ಅಮೆರಿಕದಲ್ಲಿರುವ ಬಂಧುಗಳು ಅಲ್ಲಿಯ ರಾಷ್ಟ್ರೀಯ ಸ್ಪೆಲಿಂಗ್ ಬೀ ಸ್ಪರ್ಧೆಯಲ್ಲಿ ಭಾರತೀಯ ಮೂಲದ ಮಕ್ಕಳು ಗೆಲ್ಲುವುದನ್ನು ಎತ್ತಿ ಹೇಳುತ್ತಾರೆ. ಸಂತೋಷ. ಆದರೆ ಆ ಮಕ್ಕಳು ಪದ ಕಿವಿಗೆ ಬಿದ್ದೊಡನೆ ಕೇಳುವುದೇನು, ಗಮನಿಸಿ. ಇದರ ಅರ್ಥವೇನು, ಯಾವ ಭಾಷೆಯಿಂದ ಬಂದಿತು, ವಾಕ್ಯದಲ್ಲಿ ಬಳಸಿ ಹೇಳುವಿರಾ ಎಂದು. 2013ರಲ್ಲಿ ಆ ಸ್ಪರ್ಧೆಯೂ ಪದಗಳ ಅರ್ಥದ ಪರೀಕ್ಷೆಯನ್ನು ಸೇರಿಸಿಕೊಂಡಿತು. ನಾವು ಅಲ್ಲಿಂದ ತಂದುಕೊಂಡದ್ದು ಪದಕದ ಆಸೆಯನ್ನು. ಬಿಟ್ಟುಬಂದದ್ದು ಅರ್ಥ ಕೇಳುವ ಅಭ್ಯಾಸವನ್ನು.

ಇದರ ಪೆಟ್ಟು ಬೀಳುವುದು ಯಾರಿಗೆ? ಮನೆಯಲ್ಲಿ ಇಂಗ್ಲಿಷ್ ಕೇಳದೆ ಬೆಳೆದ ಮಗುವಿಗೆ. ಇಂಗ್ಲಿಷಿನಲ್ಲಿ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂಬ 29 ಅಕ್ಷರಗಳ ಪದವಿದೆ. ಒಂಬತ್ತು ಬಾರಿ ಐ ಬರುವ, ಇ ಅಕ್ಷರವೇ ಇಲ್ಲದ ಆ ಪದದ ಅರ್ಥ, ಯಾವುದನ್ನಾದರೂ ಕೆಲಸಕ್ಕೆ ಬಾರದ್ದೆಂದು ಎಣಿಸುವುದು. ಪದ ತೊದಲಿದ ಮಗುವಿಗೆ ನಾವು ಮಾಡುತ್ತಿರುವುದು ಇದನ್ನೇ. ನನ್ನ ವೃತ್ತಿಯಲ್ಲಿ ಕಂಡ ಎಷ್ಟೋ ಮಕ್ಕಳು ಕಾಗುಣಿತಕ್ಕೆ ಅಂಜಿ ಬಾಯಿ ಮುಚ್ಚಿಕೊಂಡವರು. ಅವರಿಗೆ ಪ್ರಶ್ನೆಗಳಿದ್ದವು, ಕೇಳುವ ಧೈರ್ಯವನ್ನು ನಗುವವರು ಕಸಿದುಕೊಂಡಿದ್ದರು.

ಆದುದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮಗ, ಮಗಳು, ಮೊಮ್ಮಗು ಉದ್ದವಾದ ಪದವೊಂದನ್ನು ಹೇಳಿದರೆ ಕೂಡಲೇ ಚಪ್ಪಾಳೆ ತಟ್ಟಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಕೇಳಿ. ತಿಳಿಯದಿದ್ದರೆ ಇಬ್ಬರೂ ಸೇರಿ ನಿಘಂಟು ತೆರೆಯಿರಿ. ಅದೇ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಶಾಲೆಯ ಸಮಾರಂಭಕ್ಕೆ ಹೋದಾಗ ಗುರುಗಳಿಗೂ ವಿನಯದಿಂದ ಇದೇ ಪ್ರಶ್ನೆ ಹಾಕಿ. ನಿಮ್ಮಲ್ಲಿ ಉಪಾಧ್ಯಾಯರಾಗಿರುವವರಂತೂ ನಮ್ಮ ಶನಿವಾರದ ನಿಯಮವನ್ನು ಮರೆಯಬಾರದು. ‘ಎಜುಕೇಶನ್’ ಎಂಬ ಪದದಲ್ಲಿಯೂ ಐದು ಸ್ವರಾಕ್ಷರಗಳು ಒಂದೊಂದು ಬಾರಿ ಇವೆ. ಅವನ್ನು ಎಣಿಸಲು ಒಂದು ನಿಮಿಷ ಸಾಕು. ಉಳಿದ ಅವಧಿಯನ್ನು ಅದರ ಅರ್ಥಕ್ಕೆ ಕೊಡಿ.

ಶುಭ ಹಾರೈಕೆಗಳೊಂದಿಗೆ,
ನಿಮ್ಮ ಮೇಷ್ಟ್ರು